ಹಳೆಯ ಎಸ್‌ಎಲ್‌ಕೆ ರಿಪೇರಿ: ಶೋರೂಮಿಗೋ, ಗೊತ್ತಿದ್ದವರ ಗ್ಯಾರೇಜಿಗೋ?

ಕೇಳಿದ್ದು, ನೀರ್ಚಾಲಿನಿಂದ

ಅಣ್ಣನದ್ದು ಒಂದು 2007ರ ಮರ್ಸಿಡಿಸ್ ಎಸ್‌ಎಲ್‌ಕೆ 200 ಕೊಂಪ್ರೆಸರ್ ಉಂಟು. ಎರಡೇ ಸೀಟು, ಮೇಲಿನ ಲೋಹದ ಟಾಪ್ ಮಡಚಿ ಡಿಕ್ಕಿಯೊಳಗೆ ಹೋಗುತ್ತದಲ್ಲ, ಅದು. ಅಣ್ಣ ದುಬೈಯಲ್ಲಿ, ಗಾಡಿ ನಮ್ಮ ಮನೆಯ ಶೆಡ್ಡಿನಲ್ಲಿ. ಎಂಟು ತಿಂಗಳಿಂದ ಜಾಸ್ತಿ ಓಡಿಸಿಲ್ಲ. ಈಗ ಮೂರು ತೊಂದರೆ. ಇಂಜಿನ್ ಲೈಟ್ ಹತ್ತಿಕೊಂಡೇ ಇರುತ್ತದೆ. ಓಡುತ್ತಾ ಇರುವಾಗ ಒಮ್ಮೊಮ್ಮೆ ಗೇರ್ ಸಿಕ್ಕಿಹಾಕಿಕೊಳ್ಳುತ್ತದೆ, ನಲವತ್ತರ ಮೇಲೆ ಹೋದರೆ ಇಂಜಿನ್ ಕೂಗುತ್ತದೆ. ಟಾಪ್‌ನ ಸ್ವಿಚ್ ಒತ್ತಿದರೆ ಅಲುಗುವುದೇ ಇಲ್ಲ. ಮಂಗಳೂರಿನ ಶೋರೂಮಿಗೆ ಕೊಡಲಾ, ಕೊಚ್ಚಿಗೋ ಬೆಂಗಳೂರಿಗೋ ಕಳಿಸಲಾ, ಇಲ್ಲೇ ಯಾರಿಗಾದರೂ ತೋರಿಸಲಾ? ಅಣ್ಣನ ದುಡ್ಡು, ನನ್ನ ಜವಾಬ್ದಾರಿ. ಅನುಭವ ಇದ್ದವರು ಹೇಳಿ.

ಕುಂಬಳೆಯಿಂದ

ನನ್ನದು ಇದೇ ಗಾಡಿ, 2006ರದ್ದು. ಕೈಗೆ ಬಂದು ಆರು ವರ್ಷ ಆಯಿತು. ನಿಮ್ಮ ಗೇರಿನ ವಿಷಯ ಓದಿದ ಕೂಡಲೇ ಬರೆಯಬೇಕು ಅನ್ನಿಸಿತು. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನದಲ್ಲಿ ಓದಿ.

ಮಂಗಳೂರಿನಲ್ಲಿ ಮದುವೆ ಊಟ ಮುಗಿಸಿ ನಾನೂ ಹೆಂಡತಿಯೂ ರಾತ್ರಿ ಬರುತ್ತಿದ್ದೆವು. ತಲಪಾಡಿ ದಾಟಿ ಸ್ವಲ್ಪ ಮುಂದೆ ಗಾಡಿ ಒಮ್ಮೆ ಜರ್ಕ್ ಹೊಡೆಯಿತು. ಆಮೇಲೆ ಎಷ್ಟು ಒತ್ತಿದರೂ ಇಂಜಿನ್ನಿನ ಶಬ್ದ ಏರುತ್ತದೆ, ವೇಗ ಏರುವುದಿಲ್ಲ. ಎರಡನೇ ಗೇರಿನಲ್ಲಿ ನಿಂತುಬಿಟ್ಟಿತ್ತು. ಹೊಸಂಗಡಿಯಲ್ಲಿ ಬದಿಗೆ ಹಾಕಿ, ಆಫ್ ಮಾಡಿ, ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದೆ. ಏನೂ ಆಗಿಲ್ಲ ಅನ್ನುವ ಹಾಗೆ ಮನೆ ತನಕ ಬಂತು. ಎರಡು ವಾರ ಕಳೆದು ಮತ್ತೆ ಅದೇ.

ಈ ಗಾಡಿಯ ಐದು ಗೇರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಏನಾದರೂ ಅನುಮಾನ ಬಂದರೆ ತನ್ನನ್ನು ಕಾಪಾಡಿಕೊಳ್ಳಲು ಎರಡನೇ ಗೇರ್ ಹಿಡಿದು ಕೂರುತ್ತದೆ. ಆಫ್ ಮಾಡಿ ಮತ್ತೆ ಹಾಕಿದರೆ ಆ ಹೊತ್ತಿಗೆ ಸರಿಯಾಗುತ್ತದೆ. ಅಂದರೆ ಒಳಗೆ ಗೇರ್ ಮುರಿದಿದೆ ಅಂತ ಹೆದರಬೇಕಾಗಿಲ್ಲ. ಇದು ನನಗೆ ಆಗ ಗೊತ್ತಿರಲಿಲ್ಲ.

ನಾನು ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಕೊಟ್ಟೆ. ಎಸಿ ರೂಮು, ಕಾಫಿ, ಎಲ್ಲ ಚೆನ್ನಾಗಿತ್ತು. ಮೂರನೇ ದಿನ ಎಸ್ಟಿಮೇಟ್ ಬಂತು. ಗೇರ್‌ಬಾಕ್ಸಿನ ಕಂಪ್ಯೂಟರ್, ಒಳಗಿನ ವಾಲ್ವ್ ಬಾಡಿ, ಆಯಿಲ್, ಕೂಲಿ ಎಲ್ಲ ಸೇರಿ ಎರಡೂವರೆ ಲಕ್ಷ. ಯಾವುದು ಹಾಳಾಗಿದೆ ಅಂತ ಹೇಗೆ ಗೊತ್ತಾಯಿತು ಅಂತ ಕೇಳಿದೆ. ಸ್ಕ್ಯಾನ್ ಮಾಡಿದಾಗ ಬಂತು ಅಂದರು. ಬಿಚ್ಚಿ ನೋಡಿದಿರಾ ಅಂತ ಕೇಳಿದೆ. ಇಲ್ಲ ಅಂದರು. ನನಗೆ ಅಲ್ಲೇ ಮನಸ್ಸು ಹಿಂದೆ ಬಂತು. ಸ್ಕ್ಯಾನ್ ಕೊಡುವ ಕೋಡ್ ನೋವಿರುವ ಜಾಗ ತೋರಿಸುತ್ತದೆ. ನೋವು ಯಾಕೆ ಬಂತು ಅಂತ ಮನುಷ್ಯನೇ ಕೈಯಿಟ್ಟು ನೋಡಬೇಕು. ನೋಡಿದ ಕೂಲಿ ಕೊಟ್ಟು ಗಾಡಿ ವಾಪಸು ತಂದೆ.

ಆಮೇಲೆ ಮಂಗಳೂರಿನಲ್ಲೇ ಒಬ್ಬರ ವಿಷಯ ಸ್ನೇಹಿತರಿಂದ ಗೊತ್ತಾಯಿತು. ಗಲ್ಫಿನಲ್ಲಿ ಇದೇ ಕಂಪನಿಯ ಗಾಡಿಗಳ ವರ್ಕ್‌ಶಾಪಿನಲ್ಲಿ ತುಂಬಾ ವರ್ಷ ಕೆಲಸ ಮಾಡಿ ಬಂದವರು. ಗ್ಯಾರೇಜಿಗೆ ದೊಡ್ಡ ಬೋರ್ಡು ಕೂಡ ಇಲ್ಲ. ನಾನು ತೊಂದರೆ ಹೇಳಿ ಮುಗಿಸುವ ಮೊದಲೇ ಅವರು ಗಾಡಿಯನ್ನು ಲಿಫ್ಟಿಗೆ ಏರಿಸಿದರು. ಗೇರ್‌ಬಾಕ್ಸಿನ ಬದಿಯಲ್ಲಿ ಒಂದು ದುಂಡಗಿನ ಪ್ಲಗ್ ಉಂಟು, ಒಳಗೆ 13 ಪಿನ್. ಅದನ್ನು ತಿರುಗಿಸಿ ಎಳೆದರು. ಪ್ಲಗ್ಗಿನ ಒಳಗಿನಿಂದ ಆಯಿಲ್ ಅವರ ಮಣಿಗಂಟಿನ ಮೇಲೆ ಇಳಿಯಿತು. ಟಿಶ್ಯೂ ಪೇಪರ್ ಒತ್ತಿ ನನಗೆ ತೋರಿಸಿದರು. ಕಂದುಗೆಂಪು ಕಲೆ. ಅಲ್ಲಿ ಕಿರುಬೆರಳಿನ ಉಂಗುರಕ್ಕಿಂತ ಸ್ವಲ್ಪ ದೊಡ್ಡದಾದ ರಬ್ಬರ್ ಓ-ರಿಂಗ್ ಇರುತ್ತದೆ. ವಯಸ್ಸಾದಾಗ ಅದು ಗಟ್ಟಿಯಾಗಿ ಆಯಿಲ್ ಬಿಡುತ್ತದೆ. ಆಯಿಲ್ ದೀಪದ ಬತ್ತಿ ಏರಿದ ಹಾಗೆ ತಂತಿಯೊಳಗಿಂದಲೇ ಏರಿ ಗೇರಿನ ಕಂಪ್ಯೂಟರಿನ ತನಕ ಹೋಗುತ್ತದೆ. ಕಂಪ್ಯೂಟರ್ ಪೆಟ್ಟಿಗೆಯ ಪ್ಲಗ್ ತೆಗೆದಾಗ ಅಲ್ಲೂ ಒದ್ದೆ.

ಹೊಸ ಪ್ಲಗ್ ಹಾಕಿದರು. ಕಂಪ್ಯೂಟರಿನ ಪಿನ್‌ಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಲ್ಲಿ ತೊಳೆದು ಒಣಗಿಸಿದರು. ಗೇರ್ ಆಯಿಲ್, ಫಿಲ್ಟರ್ ಬದಲಿಸಿದರು. ಈ ಗೇರ್‌ಬಾಕ್ಸಿಗೆ ಆಯಿಲ್ ಅಳೆಯುವ ಕಡ್ಡಿ ಗಾಡಿಯಲ್ಲಿ ಇರುವುದಿಲ್ಲ. ಕಡ್ಡಿ ಇಳಿಸುವ ಕೊಳವೆಗೆ ಬರೀ ಮುಚ್ಚಳ, ಕಡ್ಡಿ ವರ್ಕ್‌ಶಾಪಿನ ಹತ್ತಿರ ಇರಬೇಕು. ಆಯಿಲ್ 80 ಡಿಗ್ರಿಗೆ ಬಿಸಿಯಾದ ಮೇಲೆ ಅಳತೆ ನೋಡಬೇಕು. ಅವರು ಸ್ಕ್ಯಾನರಿನಲ್ಲಿ ಬಿಸಿ ನೋಡುತ್ತಾ ಕಾದರು, ಅಳೆದರು, ಸ್ವಲ್ಪ ಹಾಕಿದರು, ಮತ್ತೆ ಅಳೆದರು. ಅಷ್ಟು ಹೊತ್ತು ನಿಂತು ನೋಡಿ ನನಗೆ ಧೈರ್ಯ ಬಂತು. ಒಟ್ಟು ಹದಿನಾರು ಸಾವಿರ ಆಯಿತು. ಐದು ವರ್ಷದಲ್ಲಿ ಗೇರ್ ಮತ್ತೆ ಸಿಕ್ಕಿಹಾಕಿಕೊಂಡಿಲ್ಲ.

ನೀವು ಯಾರಿಗೇ ಕೊಡಿ, ಮೊದಲು ಆ ಪ್ಲಗ್ ತೆಗೆದು ತೋರಿಸಿ ಅಂತ ಕೇಳಿ. ಅರ್ಧ ಗಂಟೆಯ ಕೆಲಸ. ನಿಮ್ಮ ಗಾಡಿಯಲ್ಲಿ ಕಾರಣ ಬೇರೆಯೂ ಇರಬಹುದು, ಆದರೆ ಇದನ್ನು ನೋಡದೆ ಕಂಪ್ಯೂಟರ್ ಬದಲಿಸಲು ಒಪ್ಪಬೇಡಿ.

ಇಂಜಿನ್ ಲೈಟ್ ವಿಷಯ. ಈ 1.8 ಲೀಟರ್ ಇಂಜಿನ್ನಿನಲ್ಲೂ ಇಂಥದ್ದೇ ಒಂದು ಕಾಯಿಲೆ ಉಂಟು. ಇಂಜಿನ್ನಿನ ಮುಂದೆ ಮೇಲ್ಗಡೆ, ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟಿನ ಎರಡು ಮ್ಯಾಗ್ನೆಟ್‌ಗಳಿವೆ. ಅವು ಹಳೆಯದಾದರೆ ತಮ್ಮ ಪ್ಲಗ್ಗಿನೊಳಗೆ ಆಯಿಲ್ ಬಿಡುತ್ತವೆ. ಅದೂ ವಯರಿನಲ್ಲಿ ಏರುತ್ತದೆ. ಪ್ಲಗ್ ಎಳೆದು ಬೆರಳು ಹಾಕಿ ನೋಡಿದರೆ ಗೊತ್ತಾಗುತ್ತದೆ.

ಇನ್ನೊಂದನ್ನು ಮಾತ್ರ ಖಂಡಿತ ಅಸಡ್ಡೆ ಮಾಡಬೇಡಿ. ಬೆಳಿಗ್ಗೆ ಮೊದಲ ಸ್ಟಾರ್ಟಿನಲ್ಲಿ ಎರಡು ಮೂರು ಸೆಕೆಂಡು ಗರಗರ ಶಬ್ದ ಬರುತ್ತದಾ? ಬಂದರೆ ಟೈಮಿಂಗ್ ಚೈನ್, ಅಂದರೆ ವಾಲ್ವ್ ಮತ್ತು ಪಿಸ್ಟನ್ನಿನ ಓಟವನ್ನು ಹೊಂದಿಸಿ ಇಡುವ ಚೈನ್, ಸಡಿಲ ಆಗಿರಬಹುದು. ಚೈನ್ ಹಲ್ಲು ಹಾರಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ, ಆಮೇಲೆ ಇಂಜಿನ್ನೇ ಬಿಚ್ಚುವ ಕೆಲಸ. ಹಾಗಾಗಿ ಶಬ್ದ ಇದ್ದರೆ ಗಾಡಿಯನ್ನು ಓಡಿಸಿಕೊಂಡು ಹೋಗಬೇಡಿ. ಗ್ಯಾರೇಜ್ ತಲುಪುವಾಗ ಇಂಜಿನ್ ಬಿಸಿಯಾಗಿ ಶಬ್ದ ಮಾಯ ಆಗಿರುತ್ತದೆ. ಮನೆಯಲ್ಲೇ ಬಾನೆಟ್ ತೆರೆದಿಟ್ಟು ಮೊದಲ ಸ್ಟಾರ್ಟನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ.

ಶೋರೂಂ ಬೇಡ ಅಂತ ನಾನು ಹೇಳುವುದಿಲ್ಲ. ಚಾಸಿಸ್ ನಂಬರ್ ಕೊಟ್ಟರೆ ಸರಿಯಾದ ಪಾರ್ಟ್ ನಂಬರ್ ಅಲ್ಲೇ ಸಿಗುವುದು. ಕೀ ಕೆಲಸ, ಹೊಸ ಕಂಪ್ಯೂಟರಿಗೆ ಕೋಡಿಂಗ್, ಇಂಥದ್ದಕ್ಕೆ ನಾನು ಈಗಲೂ ಅಲ್ಲಿಗೇ ಹೋಗುತ್ತೇನೆ. ಚೈನ್, ಓ-ರಿಂಗ್ ಎಲ್ಲ ಒರಿಜಿನಲ್ ಅಲ್ಲಿಂದಲೇ ತಂದೆ. ಬಿಚ್ಚುವ, ಹುಡುಕುವ ಕೆಲಸಕ್ಕೆ ಮಾತ್ರ ನನಗೆ ಆ ಮನುಷ್ಯ ಬೇಕು.

ಕೊಡುವ ದಿನ ತೊಂದರೆಯನ್ನು ಕಾಗದದಲ್ಲಿ ಬರೆದು ಕೊಡಿ. ಯಾವಾಗ ಆಗುತ್ತದೆ, ತಣ್ಣಗಿರುವಾಗಲಾ ಬಿಸಿಯಾದ ಮೇಲಾ, ಎಷ್ಟು ವೇಗದಲ್ಲಿ. ಗೇರ್ ಸಿಕ್ಕಿತು ಅಂತ ಮಾತ್ರ ಹೇಳಿದರೆ ಅವರು ಊಹೆ ಮಾಡುತ್ತಾರೆ. ತೆಗೆದ ಹಳೆಯ ಸಾಮಾನು ವಾಪಸು ಬೇಕು ಅಂತ ಮೊದಲೇ ಹೇಳಿ. ಹುಡುಕುವ ಕೂಲಿಗೆ ದಯವಿಟ್ಟು ಚರ್ಚೆ ಮಾಡಬೇಡಿ. ಎರಡು ಗಂಟೆ ಹುಡುಕಿದವರಿಗೆ ಅದರ ದುಡ್ಡು ಸಿಗದಿದ್ದರೆ ಅವರು ಹುಡುಕುವುದನ್ನು ಬಿಟ್ಟು ಸಾಮಾನು ಬದಲಿಸಲು ಶುರು ಮಾಡುತ್ತಾರೆ.

ಉಪ್ಪಳದಿಂದ

ಕುಂಬಳೆಯವರು ಹೇಳಿದ್ದು ಸರಿ. ನನಗೆ ಆದದ್ದು ಮಾತ್ರ ಉಲ್ಟಾ, ಅದನ್ನೂ ಹೇಳಬೇಕು. ನನ್ನದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಹಳೆಯ 1.8 ಟರ್ಬೋ. ಐಡ್ಲಿಂಗ್‌ನಲ್ಲಿ ನಡುಗುತ್ತಿತ್ತು, ಏರಿನಲ್ಲಿ ಶಕ್ತಿ ಇಲ್ಲ. ಊರಿನ ವರ್ಕ್‌ಶಾಪಿಗೆ ಕೊಟ್ಟೆ. ಒಳ್ಳೆಯ ಹುಡುಗರು, ಮನಸ್ಸಿಟ್ಟು ಕೆಲಸ ಮಾಡುವವರು. ಆದರೆ ಈ ಇಂಜಿನ್ ಕಂಡವರಲ್ಲ. ಸ್ಪಾರ್ಕ್ ಪ್ಲಗ್ ಬದಲಿಸಿದರು, ಥ್ರಾಟಲ್ ತೊಳೆದರು, ಆಮೇಲೆ ಫ್ಯುಯೆಲ್ ಪಂಪ್ ಹಾಕಿದರು. ಮೂರು ತಿಂಗಳು ಹೋಯಿತು. ಕೊನೆಗೆ ಶೋರೂಮಿಗೆ ಕೊಟ್ಟಾಗ ಅಲ್ಲಿನ ಒಬ್ಬ ಹಿರಿಯ ಮೆಕ್ಯಾನಿಕ್ ಹೊಗೆ ಬಿಟ್ಟು ನೋಡಿದರು. ಇಂಜಿನ್ನಿನೊಳಗೆ ಗಾಳಿ ಹೋಗುವ ದಾರಿಗೆ ಹೊಗೆ ತುಂಬಿಸುವುದು, ಎಲ್ಲಿಂದ ಹೊರಗೆ ಬರುತ್ತದೆ ನೋಡುವುದು. ಅಡಿಯಲ್ಲಿದ್ದ ಒಂದು ರಬ್ಬರ್ ಹೋಸ್ ಬಿರುಕು ಬಿಟ್ಟಿತ್ತು. ಹೋಸಿನ ದುಡ್ಡು ಲೆಕ್ಕಕ್ಕೇ ಇಲ್ಲ.

ಹಾಗಾಗಿ ಶೋರೂಮಾ ಲೋಕಲ್ಲಾ ಅಂತ ಕೇಳುವ ಬದಲು, ಈ ಇಂಜಿನ್ ಬಿಚ್ಚಿದವರು ನಿಮ್ಮಲ್ಲಿ ಯಾರು, ಅವರ ಹತ್ತಿರ ಮಾತಾಡಬಹುದಾ ಅಂತ ಕೇಳಿ. ಕೌಂಟರಿನಲ್ಲಿ ಕೂತವರ ಹತ್ತಿರ ಮಾತಾಡಿ ಬರಬೇಡಿ.

ಮತ್ತೆ, ಇಂಜಿನ್ ಲೈಟ್ ಸುಮ್ನೆ ಹತ್ತಿಕೊಂಡಿದ್ದರೆ ನಿಧಾನಕ್ಕೆ ಗ್ಯಾರೇಜಿಗೆ ಹೋಗಬಹುದು. ಮಿಣುಕುತ್ತಾ ಇದ್ದರೆ ನಿಲ್ಲಿಸಿ. ಆಗ ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಸೈಲೆನ್ಸರ್ ಕಡೆಗೆ ಹೋಗುತ್ತಿರುತ್ತದೆ. ಅಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟರೆ ದೊಡ್ಡ ಖರ್ಚು.

ಮುಳ್ಳೇರಿಯದಿಂದ

ಟಾಪ್ ವಿಷಯ ನಾನು ಹೇಳುತ್ತೇನೆ. ನಮ್ಮ ಮನೆಯವರ ಹತ್ತಿರ ಹಳೆಯ ಬಿಎಂಡಬ್ಲ್ಯು ಝಡ್4 ಉಂಟು, ಬಟ್ಟೆಯ ಟಾಪ್‌ನದ್ದು. ಅದನ್ನು ನೋಡಿಕೊಳ್ಳುವುದು ಜಾಸ್ತಿ ನಾನೇ.

ನಮ್ಮ ಊರಿನ ಮಳೆ ನಿಮಗೆ ಗೊತ್ತಲ್ಲ. ಟಾಪ್ ತೆರೆಯುವ ಗಾಡಿಗಳಲ್ಲಿ ಮೇಲೆ ಬಿದ್ದ ನೀರು ಇಳಿದು ಹೋಗಲು ಸೀಟಿನ ಹಿಂದಿನ ಮೂಲೆಗಳಲ್ಲಿ ಸಣ್ಣ ಕೊಳವೆಗಳು ಇರುತ್ತವೆ. ನಮ್ಮ ಗಾಡಿ ನಿಲ್ಲುವುದು ಮಾವಿನ ಮರದ ಹತ್ತಿರ. ಒಂದು ಆಟಿ ತಿಂಗಳ ಮಳೆಯಲ್ಲಿ ಮಾವಿನ ಎಲೆಯ ಚೂರು, ಧೂಳು, ಪಾಚಿ ಸೇರಿ ಆ ಕೊಳವೆ ಕಟ್ಟಿಕೊಂಡಿತು. ಝಡ್4ನಲ್ಲಿ ಟಾಪ್ ಎತ್ತುವ ಪಂಪಿನ ಮೋಟಾರ್ ಅದೇ ಮೂಲೆಯ ತಗ್ಗಿನಲ್ಲಿ ಕೂತಿರುತ್ತದೆ. ನೀರಿನಲ್ಲಿ ಮುಳುಗಿ ಮೋಟಾರ್ ಹೋಯಿತು. ನನಗೆ ತುಂಬಾ ಬೇಜಾರಾಯಿತು, ಯಾಕಂದರೆ ಹತ್ತು ನಿಮಿಷ ಕ್ಲೀನ್ ಮಾಡಿದ್ದರೆ ಅದು ಉಳಿಯುತ್ತಿತ್ತು.

ಈಗ ಮಳೆಗಾಲದ ಮೊದಲು ಒಮ್ಮೆ, ನಡುವೆ ಒಮ್ಮೆ ಕೊಳವೆ ಬಿಡಿಸುತ್ತೇನೆ. ತೋಟದಲ್ಲಿ ಹುಲ್ಲು ಕತ್ತರಿಸುವ ಮೆಷಿನಿಗೆ ಹಾಕುವ ನೈಲಾನ್ ದಾರ ಉಂಟಲ್ಲ, ಅದು ಇದಕ್ಕೆ ಹೇಳಿ ಮಾಡಿಸಿದ ಹಾಗೆ. ಒಂದು ಮೀಟರ್ ಕತ್ತರಿಸಿ, ತುದಿಯನ್ನು ಬೆಂಕಿಯಲ್ಲಿ ಸ್ವಲ್ಪ ಕರಗಿಸಿ ದುಂಡಗೆ ಮಾಡಿ, ಕೊಳವೆಯೊಳಗೆ ಮೆಲ್ಲ ತೂರಿಸಿ. ಕಬ್ಬಿಣದ ತಂತಿ ಹಾಕಬೇಡಿ, ರಬ್ಬರ್ ಕೊಳವೆ ಒಳಗೇ ಹರಿಯುತ್ತದೆ. ಆಮೇಲೆ ಒಂದು ಚೆಂಬು ನೀರು ಬಿಡಿ. ಕೆಳಗೆ ಚಕ್ರದ ಹತ್ತಿರ ನೆಲ ಒದ್ದೆಯಾದರೆ ಸರಿ.

ನಿಮ್ಮ ಎಸ್‌ಎಲ್‌ಕೆಯಲ್ಲಿ ಮೊದಲು ಡಿಕ್ಕಿ ತೆರೆದು ನೋಡಿ. ಟಾಪ್ ಬಂದು ಕೂರುವ ಜಾಗಕ್ಕೂ ಸಾಮಾನಿಗೂ ನಡುವೆ ಒಂದು ಎಳೆಯುವ ಪರದೆ ಇರುತ್ತದೆ. ಅದು ಎರಡೂ ಬದಿ ಸರಿಯಾಗಿ ಸಿಕ್ಕಿಸಿಲ್ಲದಿದ್ದರೆ ಟಾಪ್ ಅಲುಗುವುದೇ ಇಲ್ಲ. ಎಷ್ಟೋ ಜನ ಇದಕ್ಕಾಗಿಯೇ ಗ್ಯಾರೇಜಿಗೆ ಹೋಗುತ್ತಾರೆ. ಬ್ಯಾಟರಿ ವೀಕ್ ಇದ್ದರೂ ಅಷ್ಟೇ. ಎಂಟು ತಿಂಗಳು ನಿಂತ ಗಾಡಿ ಅಂದಿರಿ, ಬ್ಯಾಟರಿಯನ್ನೇ ಮೊದಲು ನೋಡಬೇಕು. ನಿಂತಿರುವಾಗ 12.6 ವೋಲ್ಟ್ ಇರಬೇಕು, 12ಕ್ಕಿಂತ ಕೆಳಗಿದ್ದರೆ ಅದು ಖಾಲಿ ಬ್ಯಾಟರಿ. ವೋಲ್ಟೇಜ್ ಕಡಿಮೆ ಇರುವ ಗಾಡಿಯಲ್ಲಿ ಸ್ಕ್ಯಾನ್ ಮಾಡಿದರೆ ಸಂಬಂಧವೇ ಇಲ್ಲದ ಕೋಡ್‌ಗಳು ರಾಶಿ ಬೀಳುತ್ತವೆ. ಚಾರ್ಜ್ ಮಾಡಿಯೇ ಸ್ಕ್ಯಾನ್ ಮಾಡಿಸಿ.

ಶೆಡ್ಡಿನಲ್ಲಿ ಅಡಿಕೆ, ತೆಂಗಿನಕಾಯಿ ಇಡುತ್ತೀರಾ? ಹಾಗಿದ್ದರೆ ಇಲಿ ಬಂದೇ ಇರುತ್ತದೆ. ಬಾನೆಟ್ ಒಳಗೆ ಟಾರ್ಚ್ ಹಾಕಿ ವಯರ್ ಕಡಿದಿದೆಯಾ, ಹಿಕ್ಕೆ ಉಂಟಾ ನೋಡಿ. ಕಡಿದದ್ದು ಕಂಡರೆ ಫೋಟೋ ತೆಗೆದಿಡಿ, ಮೆಕ್ಯಾನಿಕ್ಕಿಗೆ ಹುಡುಕುವ ಕೆಲಸ ಕಡಿಮೆ.

ಕಾಞಂಗಾಡಿನಿಂದ

ಸಾಗಿಸುವ ವಿಷಯ ಮಾತ್ರ. ಎಸ್‌ಎಲ್‌ಕೆ ಹಿಂದಿನ ಚಕ್ರದಿಂದ ಓಡುವ ಆಟೋಮ್ಯಾಟಿಕ್. ಮುಂದಿನ ಚಕ್ರ ಎತ್ತಿ ಎಳೆದುಕೊಂಡು ಹೋದರೆ ಇಂಜಿನ್ ನಿಂತಿರುವಾಗ ಗೇರ್‌ಬಾಕ್ಸಿಗೆ ಆಯಿಲ್ ಓಡದೆ ಹಾಳಾಗುತ್ತದೆ. ರಿಕವರಿಯವರಿಗೆ ಫೋನ್ ಮಾಡುವಾಗಲೇ ಫ್ಲಾಟ್‌ಬೆಡ್, ಅಂದರೆ ಗಾಡಿಯನ್ನು ಪೂರ್ತಿ ಮೇಲೆ ಏರಿಸಿಕೊಂಡು ಹೋಗುವ ಲಾರಿ, ಬೇಕು ಅಂತ ಹೇಳಿ, ಗಾಡಿ ತಗ್ಗು ಅಂತಲೂ ಹೇಳಿ. ಏರಿಸುವಾಗ ಚಕ್ರದಡಿಗೆ ಹಲಗೆ ಇಲ್ಲದಿದ್ದರೆ ಮುಂದಿನ ಬಂಪರ್ ಉಜ್ಜುತ್ತದೆ.

ಕೊಚ್ಚಿ, ಬೆಂಗಳೂರಿಗೆ ಈಗಲೇ ಬೇಡ. ಅಲ್ಲಿ ಒಳ್ಳೆಯವರು ಇದ್ದಾರೆ, ನಾನೂ ಒಮ್ಮೆ ಕಳಿಸಿದ್ದೇನೆ. ಆದರೆ ಕೆಲಸ ಮುಗಿದ ಮೇಲೆ ಸಣ್ಣದೇನಾದರೂ ಬಾಕಿ ಇದ್ದರೆ ಮತ್ತೆ ಅಷ್ಟು ದೂರ ಹೋಗಬೇಕು. ನಿಮ್ಮ ಬದಿಯಡ್ಕದ ಕಡೆಯಿಂದ ಮಂಗಳೂರು ಆದರೆ ಹೋಗಿ ನಿಂತು ನೋಡಬಹುದು. ಟಯರಿನ ವಯಸ್ಸೂ ನೋಡಿಕೊಳ್ಳಿ. ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, 1416 ಅಂದರೆ 2016ರ 14ನೇ ವಾರದ್ದು. ಗಾಡಿ ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ.

ಮತ್ತೆ ನೀರ್ಚಾಲಿನಿಂದ

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಬ್ಯಾಟರಿ 11.7 ಇತ್ತು. ರಾತ್ರಿಯಿಡೀ ಚಾರ್ಜಿಗೆ ಹಾಕಿದೆ. ಡಿಕ್ಕಿಯ ಪರದೆ ಒಂದು ಬದಿ ಕಳಚಿತ್ತು, ಸಿಕ್ಕಿಸಿದೆ. ಇವತ್ತು ಬೆಳಿಗ್ಗೆ ಟಾಪ್ ಪೂರ್ತಿ ತೆರೆದು ಮುಚ್ಚಿತು. ವಿಡಿಯೋ ಅಣ್ಣನಿಗೆ ಕಳಿಸಿದೆ. ಮೊದಲ ಸ್ಟಾರ್ಟಿನಲ್ಲಿ ಗರಗರ ಶಬ್ದ ಇಲ್ಲ, ಮೂರು ದಿನ ಕೇಳಿದೆ. ಇಲಿ ಕಡಿದದ್ದೂ ಇಲ್ಲ. ಲೈಟ್ ಮಾತ್ರ ಹಾಗೇ ಉಂಟು. ಕುಂಬಳೆಯವರು ಹೇಳಿದ ಗ್ಯಾರೇಜಿಗೆ ಸೋಮವಾರಕ್ಕೆ ಫ್ಲಾಟ್‌ಬೆಡ್ ಹೇಳಿದ್ದೇನೆ. ತೊಂದರೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. 13 ಪಿನ್ನಿನ ಪ್ಲಗ್ ತೆಗೆಯುವಾಗ ನಾನು ಅಲ್ಲೇ ನಿಂತಿರುತ್ತೇನೆ. ಏನು ಕಂಡಿತು ಅಂತ ಇಲ್ಲೇ ಬರೆಯುತ್ತೇನೆ.