ಮನೆ ಶೆಡ್ಡಿಗೆ ಅಗ್ಗದ ಪೌಡರ್ ಕೋಟಿಂಗ್ ಗನ್: ಯಾವುದು ಸಾಕು, ಯಾವುದು ಸುಮ್ನೆ ಖರ್ಚು?

ಹಳೇಸೈಕಲ್:
ಸೈಕಲ್ ಕ್ಯಾರಿಯರ್, ಸ್ಟ್ಯಾಂಡ್, ಕಬ್ಬಿಣದ ಬ್ರಾಕೆಟ್, ಆಗೊಮ್ಮೆ ಈಗೊಮ್ಮೆ ಗೇಟಿನ ಕೀಲು. ಇವಕ್ಕೆ ಪೌಡರ್ ಕೋಟಿಂಗ್ ಮಾಡಬೇಕು, ಅಂದರೆ ಬಣ್ಣದ ಪುಡಿಗೆ ಕರೆಂಟ್ ಚಾರ್ಜ್ ಕೊಟ್ಟು ಲೋಹಕ್ಕೆ ಅಂಟಿಸಿ ಓವನ್‌ನಲ್ಲಿ ಬೇಯಿಸೋದು. ನನ್ನ ಕೆಲಸ ಇಷ್ಟೇ. ಸಣ್ಣ ಕಂಪ್ರೆಸರ್ ಇದೆ, ಅಡುಗೆಗೆ ಬಳಸದ ಹಳೇ ಕರೆಂಟ್ ಓವನ್ ಇದೆ. ಗನ್ ಮಾತ್ರ ಬೇಕು. ನೋಡಿದ್ದರಲ್ಲಿ ಮೂರು ಬಗೆ ಸಿಕ್ಕವು. ಒಂದು, ಕೆಳಗೆ ಪ್ಲಾಸ್ಟಿಕ್ ಕಪ್ ಇರುವ, ಒಂದೇ ವೋಲ್ಟೇಜಿನ ಅಗ್ಗದ ಗನ್. ಎರಡು, ಈಸ್ಟ್‌ವುಡ್‌ನವರ ಡ್ಯುಯಲ್ ವೋಲ್ಟೇಜ್ ಥರದ್ದು, 15 ಕೆವಿ (ಕಿಲೋವೋಲ್ಟ್, ಅಂದರೆ ಸಾವಿರ ವೋಲ್ಟ್‌ಗಳ ಲೆಕ್ಕ) ಮತ್ತು 25 ಕೆವಿ ಅಂತ ಎರಡು ಹಂತ. ಮೂರು, ಪಕ್ಕದಲ್ಲಿ ಕಂಟ್ರೋಲ್ ಬಾಕ್ಸ್ ಇಟ್ಟುಕೊಂಡು ನಾಬ್ ತಿರುಗಿಸಿ 100 ಕೆವಿವರೆಗೂ ಏರಿಸಬಹುದು ಅನ್ನುವಂಥದ್ದು. ಮೂರನೆಯದು ನನಗೆ ಜಾಸ್ತಿ ಆಯ್ತಾ, ಇಲ್ಲಾ ಮೊದಲನೆಯದು ತೀರಾ ಕಡಿಮೆ ಆಯ್ತಾ?

ಶೆಡ್ಡಿನ_ಸುಮಾ:
ಮೊದಲನೆಯದೇ ಸಾಕು. ನಾನು ಇವತ್ತಿಗೂ ಅದೇ ಬಗೆಯ ಕಪ್ ಗನ್ ಹಿಡಿದು ಕೆಲಸ ಮಾಡುತ್ತೇನೆ. ಕಪ್ಪು, ಬಿಳಿ, ಬೂದು, ಯಾವ ಬಣ್ಣವಾದರೂ ಕಪ್ ಬಿಚ್ಚಿ ಇನ್ನೊಂದು ಹಾಕಿದರೆ ಆಯ್ತು. ಬಣ್ಣಕ್ಕೊಂದು ಕಪ್ ಇಟ್ಟುಕೊಳ್ಳಿ, ಗನ್ನಿನೊಳಗೆ ಗಾಳಿ ಊದಿ ಸ್ವಚ್ಛ ಮಾಡಿ, ಅಷ್ಟೇ. ಬ್ರಾಕೆಟ್‌ಗೆ 100 ಕೆವಿ ಯಾಕೆ ಬೇಕು ಹೇಳಿ?

ಕಬ್ಬಿಣದ_ಕಡಲೆ:
ಸುಮಾ ಮೇಡಂ, 100 ಕೆವಿ ಬೇಕು ಅಂತ ನಾನೂ ಹೇಳಲ್ಲ. ನಾಬ್ ಬೇಕು ಅಂತೀನಿ. ಆ ನಾಬ್ ಇರೋದು ಏರಿಸೋದಕ್ಕಿಂತ ಇಳಿಸೋದಕ್ಕೆ.

ಬ್ರಾಕೆಟ್‌ನ ಒಳಮೂಲೆ ನೋಡಿ. ಗನ್ನಿನ ತುದಿಯ ಸೂಜಿ ಗಾಳಿಗೆ ಚಾರ್ಜ್ ಕೊಡುತ್ತೆ, ಪುಡಿ ಅದನ್ನು ಹೊತ್ತುಕೊಂಡು ಅರ್ತ್ ಆಗಿರುವ ಲೋಹದ ಕಡೆ ಓಡುತ್ತೆ. ಆದರೆ ಅದು ಓಡೋದು ಹತ್ತಿರದ ಅಂಚಿಗೆ. ಮೂಲೆಯೊಳಗೆ ಎಳೆತವೇ ಇರಲ್ಲ. ಇದನ್ನೇ ಫ್ಯಾರಡೆ ಕೇಜ್ ಅನ್ನೋದು. ಅಂಚಿನಲ್ಲಿ ದಪ್ಪ, ಮೂಲೆಯಲ್ಲಿ ಬರೀ ಲೋಹ. ವೋಲ್ಟೇಜ್ ಏರಿಸಿದಷ್ಟೂ ಈ ಕಾಟ ಜಾಸ್ತಿ. ಎರಡನೇ ಕೋಟ್‌ಗೂ ಅಷ್ಟೇ. ಕೆಳಗಿನ ಪದರ ಕರೆಂಟ್ ಬಿಡಲ್ಲ, ಮೇಲೆ ಚಾರ್ಜ್ ತುಂಬಿ ತುಂಬಿ ಕೊನೆಗೆ ಪುಡಿಯೊಳಗೇ ಸಣ್ಣ ಕಿಡಿ ಹಾರಿ ಗುಳಿ ಬೀಳುತ್ತೆ. ಇಳಿಸೋಕೆ ಆಗದ ಗನ್ ಇಟ್ಟುಕೊಂಡು ಏನು ಮಾಡ್ತೀರಿ?

ಶೆಡ್ಡಿನ_ಸುಮಾ:
ಸರ್, ಒಂದೇ ವೋಲ್ಟೇಜಿನ ಈ ಸಣ್ಣ ಗನ್‌ಗಳು ಮೊದಲೇ ಕೆಳಗಿನ ವೋಲ್ಟೇಜಿನಲ್ಲೇ ಇರುತ್ತವಲ್ಲ. ನೀವು ನಾಬ್ ತಿರುಗಿಸಿ ಎಲ್ಲಿಗೆ ಇಳಿಯುತ್ತೀರೋ ಅದಕ್ಕಿಂತಲೂ ಕೆಳಗೆ. ಮೂಲೆಯ ವಿಷಯದಲ್ಲಿ ಅಗ್ಗದ ಗನ್ನೇ ಗೆದ್ದಂತಾಯ್ತು!

ಮೈಕ್ರಾನ್60:
ನಾನು ಕೋಟಿಂಗ್ ಲೈನ್‌ನಲ್ಲಿ ಕೆಲಸ ಮಾಡುವವನು. ಇಬ್ಬರ ಮಾತಿನಲ್ಲೂ ಅರ್ಧರ್ಧ ಸರಿ ಇದೆ. ಕಡಿಮೆ ವೋಲ್ಟೇಜ್ ಮೂಲೆಗೆ ಒಳ್ಳೆಯದು, ನಿಜ. ಆದರೆ ಅಗಲವಾದ ಚಪ್ಪಟೆ ತಗಡಿಗೆ ಅದೇ ಗನ್ ಹಿಡಿದರೆ ಪುಡಿಗೆ ಚಾರ್ಜ್ ಸಾಲುವುದಿಲ್ಲ. ಅರ್ಧ ಪುಡಿ ನೆಲಕ್ಕೆ ಬೀಳುತ್ತದೆ. ಅಂಟಿದ್ದೂ ಓವನ್‌ಗೆ ಒಯ್ಯುವ ಹೊತ್ತಿಗೆ ಸ್ವಲ್ಪ ತಟ್ಟಿದರೆ ಉದುರುತ್ತದೆ. ಸಣ್ಣ ಬ್ರಾಕೆಟ್‌ಗೆ ಇದು ದೊಡ್ಡ ನಷ್ಟ ಅಲ್ಲ. ಗೇಟಿನ ತಗಡಿಗೆ ನಷ್ಟವೇ.

ಇನ್ನೊಂದು. ಬಾಕ್ಸ್ ಮೇಲೆ ಬರೆದಿರುವ 100 ಕೆವಿ ನೋಡಿ ಮರುಳಾಗಬೇಡಿ. ಗನ್ ವಸ್ತುವಿಗೆ ಹತ್ತಿರ ಹೋದಷ್ಟೂ ಕರೆಂಟ್ ಏರುತ್ತದೆ, ತುದಿಯ ವೋಲ್ಟೇಜ್ ಇಳಿಯುತ್ತದೆ. ಆ ಅಂಕಿ ಲೋಡ್ ಇಲ್ಲದಾಗಿನದು. ಬಾಕ್ಸ್ ಥರದ್ದು ಕೊಳ್ಳುವುದಾದರೆ ಮೈಕ್ರೋಆಂಪ್ ಮಿತಿ (ಹರಿಯುವ ಕರೆಂಟಿಗೆ ಮಿತಿ) ಹಾಕಲು ಬರುತ್ತದಾ ಅಂತ ಮೊದಲು ಕೇಳಿ. ಮೂಲೆಗೂ ಎರಡನೇ ಕೋಟ್‌ಗೂ ಕೆವಿಗಿಂತ ಅದು ಹೆಚ್ಚು ಉಪಯೋಗ.

ಎರಡನೇ_ಕೋಟ್:
ಟ್ರೈಬೋ ಗನ್ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ? ಅದರಲ್ಲಿ ಹೈ ವೋಲ್ಟೇಜೇ ಇರಲ್ಲ, ಪುಡಿ ಟೆಫ್ಲಾನ್ ಕೊಳವೆಗೆ ಉಜ್ಜಿಕೊಂಡು ಚಾರ್ಜ್ ಆಗುತ್ತೆ. ಮೂಲೆಗೆ ಅದೇ ಬೆಸ್ಟ್ ಅಂತಾರೆ.

ಮೈಕ್ರಾನ್60:
ಮೂಲೆಗೆ ಚೆನ್ನ, ಒಪ್ಪಿದೆ. ಆದರೆ ಎಲ್ಲ ಪುಡಿಯೂ ಉಜ್ಜಿದ ಮಾತ್ರಕ್ಕೆ ಚಾರ್ಜ್ ಆಗಲ್ಲ. ಎಪಾಕ್ಸಿ ಸಲೀಸು, ಪಾಲಿಯೆಸ್ಟರ್‌ಗೆ ಟ್ರೈಬೋಗೆ ಅಂತಲೇ ತಯಾರಿಸಿದ್ದು ಬೇಕು. ಮೆಟಾಲಿಕ್ ಬಣ್ಣಕ್ಕೆ ಆ ಕಡೆ ಹೋಗಲೇಬೇಡಿ. ಕಾಲು ಕಿಲೋ, ಅರ್ಧ ಕಿಲೋ ಅಂತ ಸಿಕ್ಕ ಪುಡಿ ತರುವವರಿಗೆ ಅದು ತಲೆನೋವು.

ಕಬ್ಬಿಣದ_ಕಡಲೆ:
ನಾಬ್ ಅಂದ್ರೆ 100 ಕೆವಿ ಬಾಕ್ಸೇ ಆಗಬೇಕಿಲ್ಲ. ರೆಡ್‌ಲೈನ್‌ನವರ ಇಝಡ್50 ಥರ 50 ಕೆವಿ ಗನ್‌ಗಳೂ ಇವೆ. ಹವ್ಯಾಸಕ್ಕೆ ಮಾಡುವವರಿಗೆ ಆ ಮಧ್ಯದ ದರ್ಜೆ ಧಾರಾಳ ಸಾಕು. ಅದರಲ್ಲೂ ಇಳಿಸುವ ದಾರಿ ಇದೆಯಾ ಅಂತ ನೋಡಿಕೊಂಡೇ ತಗೊಳ್ಳಿ.

ಹಳೇಸೈಕಲ್:
ಸರಿ. ಇಷ್ಟೆಲ್ಲ ಓದಿದ ಮೇಲೆ ಒಂದು ಅನುಮಾನ. ಅಗ್ಗದ ಗನ್ ಕೊಂಡವರು ಬಹಳ ಜನ "ಪುಡಿ ಅಂಟಲ್ಲ, ಉಗುಳುತ್ತೆ" ಅಂತ ಬೈದು ಬರೆದಿರುತ್ತಾರೆ. ಅದು ಗನ್ನಿನ ತಪ್ಪೇ ಅಲ್ವಾ?

ಶೆಡ್ಡಿನ_ಸುಮಾ:
ಬಹಳಷ್ಟು ಸಲ ಅಲ್ಲ. ಮೂರು ಕಡೆ ನೋಡಿ.

ಕಪ್‌ಗೆ ಪುಡಿ ಕಂಠಮಟ್ಟ ತುಂಬಬೇಡಿ. ಮೂರನೇ ಒಂದು ಭಾಗ ಸಾಕು. ಕಪ್‌ನೊಳಗೆ ಗಾಳಿ ಸುತ್ತಿ ಪುಡಿಯನ್ನು ಮೋಡದ ಥರ ಎಬ್ಬಿಸಬೇಕು. ಜಾಗ ಇಲ್ಲದಿದ್ದರೆ ಗಂಟು ಗಂಟಾಗಿ ಉಗುಳುತ್ತದೆ.

ಗಾಳಿ ಒಣಗಿರಬೇಕು. ಕಂಪ್ರೆಸರ್ ಬಿಸಿಯಾದಂತೆ ನೀರಿನ ಹಬೆ ಬರುತ್ತದೆ, ಪೈಪಿನಲ್ಲಿ ತಣ್ಣಗಾಗಿ ಹನಿಯಾಗುತ್ತದೆ. ಒಂದು ನೀರಿನ ಟ್ರ್ಯಾಪ್, ಅದರ ಮುಂದೆ ಸಿಲಿಕಾ ಜೆಲ್ ಇರುವ ಡ್ರೈಯರ್. ಜೆಲ್ ಬಣ್ಣ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ.

ಇನ್ನು ಒತ್ತಡ. ಕಪ್ ಗನ್‌ಗೆ 5ರಿಂದ 10 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಸಾಮಾನ್ಯವಾಗಿ ಸಾಕು, ಕೆಲವು 10ರಿಂದ 30 ಕೇಳುತ್ತವೆ. ಕಂಪ್ರೆಸರ್ ಮೇಲಿನ ಮೀಟರ್ 150ರವರೆಗೆ ಇರುತ್ತದೆ, ಅದರಲ್ಲಿ 8 ಅಂದರೆ ಮುಳ್ಳು ಎದ್ದಿದೆಯೋ ಇಲ್ಲವೋ ಗೊತ್ತಾಗಲ್ಲ. ಗನ್ ಹಿಡಿಯ ಹತ್ತಿರ ಕಡಿಮೆ ಒತ್ತಡದ ಸಣ್ಣ ರೆಗ್ಯುಲೇಟರ್ ಹಾಕಿ. ಒತ್ತಡ ಜಾಸ್ತಿ ಆದರೆ ಅಂಟಿದ ಪುಡಿಯನ್ನೇ ಗಾಳಿ ಊದಿ ಬೀಳಿಸುತ್ತದೆ.

ಕಬ್ಬಿಣದ_ಕಡಲೆ:
ಅರ್ತ್ ಬಿಟ್ಟುಬಿಟ್ಟಿರಿ ಮೇಡಂ. ನನ್ನ ಕೇಳಿದರೆ ಎಲ್ಲಕ್ಕಿಂತ ಮುಂದೆ ಅದೇ. ಜನ ಅರ್ತ್ ಕ್ಲಿಪ್ ತಗೊಂಡು ಓವನ್ ಜಾಲರಿಗೆ ಕಚ್ಚಿಸಿ ಸುಮ್ಮನಾಗುತ್ತಾರೆ. ಜಾಲರಿಗೆ ಹುಕ್, ಹುಕ್ಕಿಗೆ ವಸ್ತು. ಹುಕ್ಕಿನ ಮೇಲೆ ಹಿಂದಿನ ಸಲ ಬೆಂದ ಪೌಡರ್ ಗಾಜಿನ ಹಾಗೆ ಕೂತಿರುತ್ತೆ. ಅಲ್ಲಿಗೆ ದಾರಿ ಬಂದ್. ಪುಡಿ ಅಂಟಲ್ಲ ಅಂತ ಗನ್ನಿಗೆ ಬೈಗುಳ.

ವಸ್ತುವಿಗೇ ನೇರ ಕ್ಲಿಪ್ ಹಾಕಿ, ಆಗದಿದ್ದರೆ ಹುಕ್ ಪ್ರತಿ ಸಲ ಉಜ್ಜಿ ಲೋಹ ಕಾಣಿಸಿ. ಸಾಧ್ಯವಾದರೆ ನೆಲಕ್ಕೆ ಹೂಳಿದ ತಾಮ್ರದ ರಾಡ್‌ಗೆ ಬೇರೆ ತಂತಿ ಎಳೆಯಿರಿ.

ಮೈಕ್ರಾನ್60:
ನಮ್ಮಲ್ಲಿ ಪಾಲಿಸುವ ಮಿತಿ, ವಸ್ತುವಿನಿಂದ ಅರ್ತ್‌ವರೆಗೆ ರೆಸಿಸ್ಟೆನ್ಸ್ (ಕರೆಂಟಿಗೆ ತಡೆ) 1 ಮೆಗಾಓಮ್‌ಗಿಂತ, ಅಂದರೆ ಹತ್ತು ಲಕ್ಷ ಓಮ್‌ಗಿಂತ ಕಡಿಮೆ. ಶೆಡ್ಡಿನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿದರೆ ಕೆಲವೇ ಓಮ್ ತೋರಿಸಬೇಕು.

ಎರಡನೇ_ಕೋಟ್:
ಅಗ್ಗದ ಗನ್‌ನಲ್ಲಿ ಮೂಲೆ ತುಂಬಿಸೋಕೆ ಒಂದು ಉಪಾಯ ಇದೆ. ವಸ್ತುವನ್ನು ಮೊದಲು ಓವನ್‌ನಲ್ಲಿ ಬಿಸಿ ಮಾಡಿ, ಹೊರಗೆ ತೆಗೆದು ಬಿಸಿ ಇರುವಾಗಲೇ ಮೂಲೆಗೆ ಸಿಂಪಡಿಸಿ. ಪುಡಿ ಬಿದ್ದಲ್ಲೇ ಕರಗಿ ಅಂಟುತ್ತೆ, ಚಾರ್ಜಿನ ಹಂಗಿಲ್ಲ. ಎರಕದ ಭಾಗಗಳಿಗಂತೂ ಮೊದಲೇ ಬಿಸಿ ಮಾಡೋದು ಒಳ್ಳೆಯದು, ಒಳಗಿನ ಗಾಳಿ, ಎಣ್ಣೆ ಆಗಲೇ ಹೊರಗೆ ಬಂದುಬಿಡುತ್ತೆ. ಇಲ್ಲದಿದ್ದರೆ ಬೇಯುವಾಗ ಗುಳ್ಳೆ ಏಳುತ್ತೆ.

ಮೈಕ್ರಾನ್60:
ಉಪಾಯ ಸರಿ, ಆದರೆ ಕೈ ತಡೆದು ಸಿಂಪಡಿಸಿ. ಬಿಸಿ ಲೋಹಕ್ಕೆ ಎಷ್ಟು ಬಿತ್ತು ಅಂತ ಕಣ್ಣಿಗೆ ಗೊತ್ತಾಗಲ್ಲ. ಬೇಕಾದ್ದು 60ರಿಂದ 80 ಮೈಕ್ರಾನ್ ದಪ್ಪ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಅದರ ಎರಡರಷ್ಟು ಬಿದ್ದರೆ ಜೋಲು ಬಿದ್ದು ಕಿತ್ತಳೆ ಸಿಪ್ಪೆಯ ಹಾಗೆ ಆಗುತ್ತದೆ.

ಶೆಡ್ಡಿನ_ಸುಮಾ:
ಓವನ್ ವಿಷಯ ಬಂತಲ್ಲ, ಹಳೇಸೈಕಲ್ ಸರ್, ಆ ಓವನ್ ಇನ್ನು ಅಡುಗೆಮನೆಗೆ ವಾಪಸ್ ಹೋಗೋ ಹಾಗಿಲ್ಲ. ಗ್ಯಾಸ್ ಓವನ್ ಅಂತೂ ಬೇಡವೇ ಬೇಡ. ಡಬ್ಬಿಯ ಮೇಲೆ 200 ಡಿಗ್ರಿ, 10 ನಿಮಿಷ ಅಂತ ಬರೆದಿದ್ದರೆ ಅದು ಲೋಹ 200 ಮುಟ್ಟಿದ ಮೇಲಿನ 10 ನಿಮಿಷ. ದಪ್ಪ ಬ್ರಾಕೆಟ್ ಆದರೆ ಬಾಗಿಲು ಹಾಕಿ ಎಷ್ಟೋ ಹೊತ್ತಿನ ಮೇಲೆ ಎಣಿಕೆ ಶುರು. ಐಆರ್ ಥರ್ಮಾಮೀಟರನ್ನು (ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವಂಥದ್ದು) ಹೊಳೆಯುವ ಲೋಹಕ್ಕೆ ಹಿಡಿದರೆ ಸುಳ್ಳು ಹೇಳುತ್ತದೆ, ಕೋಟ್ ಆದ ಜಾಗಕ್ಕೆ ಹಿಡಿಯಿರಿ.

ಕಬ್ಬಿಣದ_ಕಡಲೆ:
ಜೊತೆಗೆ ಒಳ್ಳೆ ಮಾಸ್ಕ್, ಬಟ್ಟೆ ತುಂಡು ಅಲ್ಲ. ಹತ್ತಿರದಲ್ಲಿ ಬೆಂಕಿ, ಹೀಟರ್ ಏನೂ ಇರಬಾರದು, ಗಾಳಿಯಲ್ಲಿ ತೇಲುವ ಪುಡಿಗೆ ಬೆಂಕಿ ಹತ್ತುತ್ತೆ. ನೆಲದ ಪುಡಿಯನ್ನು ಮಾಮೂಲಿ ವ್ಯಾಕ್ಯೂಮ್‌ನಲ್ಲಿ ಎಳೆಯಬೇಡಿ, ಅದರ ಮೋಟರಿನ ಕಿಡಿ ಸಾಕು. ಗನ್ ಆಫ್ ಮಾಡಿದ ಮೇಲೆ ತುದಿಯನ್ನು ಅರ್ತ್‌ಗೆ ಮುಟ್ಟಿಸಿಯೇ ಕೆಳಗಿಡಿ. ಮನೆಯಲ್ಲಿ ಪೇಸ್‌ಮೇಕರ್ ಇರುವವರಿದ್ದರೆ ಅವರು ಆ ಕಡೆ ಬರಲೇಬಾರದು.

ಹಳೇಸೈಕಲ್:
ಹಾಗಾದರೆ ಎರಡು ಹಂತದ 15/25 ತಗೊಳ್ಳೋಣ ಅಂತಿದ್ದೇನೆ. ಮೂಲೆಗೂ ಎರಡನೇ ಕೋಟ್‌ಗೂ 15, ಉಳಿದದ್ದಕ್ಕೆ 25. ಬಾಕ್ಸ್‌ಗೆ ಹೋಗುತ್ತಿದ್ದ ದುಡ್ಡಿನಲ್ಲಿ ರೆಗ್ಯುಲೇಟರ್, ಡ್ರೈಯರ್, ಅರ್ತ್ ರಾಡ್.

ಕಬ್ಬಿಣದ_ಕಡಲೆ:
ಅದನ್ನು ನಾನು ಒಪ್ಪುತ್ತೇನೆ. ನಾಳೆ ಗೇಟಿನ ತಗಡು, ಮೋಟರ್‌ಬೈಕ್ ಚೌಕಟ್ಟು ಅಂತ ಆಸೆ ಹತ್ತಿದರೆ ಮಾತ್ರ ಬಾಕ್ಸ್ ಗನ್ ನೋಡಿ.

ಶೆಡ್ಡಿನ_ಸುಮಾ:
ಚೌಕಟ್ಟು ಆ ಓವನ್‌ನೊಳಗೆ ಹಿಡಿಸಿದರೆ ಅಲ್ವಾ! ನನ್ನ ಮತ ಈಗಲೂ ಒಂದೇ ವೋಲ್ಟೇಜಿನ ಗನ್ನಿಗೇ. ಆದರೆ 15/25 ತಂದರೆ ಕೊಳ್ಳುವ ಮುಂಚೆ ಒಂದು ನೋಡಿಕೊಳ್ಳಿ, ಬಿಡಿ ಕಪ್ ಬೇರೆಯಾಗಿ ಸಿಗುತ್ತದಾ ಅಂತ. ಕೆಲವು ಗನ್‌ಗಳ ಕಪ್ ಮುರಿದರೆ ಇಡೀ ಗನ್ನೇ ಮೂಲೆ ಸೇರುತ್ತದೆ.