ರಟ್ಟೆ ಮೂಳೆ ಮುರಿದಿದೆ: ಪ್ಲೇಟಾ, ರಾಡಾ?

ಪ್ರಶ್ನೆ (ಸಿಂಧನೂರು): ನನ್ನ ತಮ್ಮನಿಗೆ 34 ವರ್ಷ. ನಾಲ್ಕು ದಿನದ ಹಿಂದೆ ಭತ್ತದ ಚೀಲ ತುಂಬಿದ ಟ್ರ್ಯಾಲಿ ಮೇಲಿಂದ ಬಿದ್ದ. ಬಲ ರಟ್ಟೆಯ ಮೂಳೆ ನಟ್ಟನಡುವೆ ಎರಡು ತುಂಡಾಗಿದೆ. ಹೊರಗೆ ಗಾಯ ಇಲ್ಲ. ರಾಯಚೂರಲ್ಲಿ ಒಬ್ಬರು ಪ್ಲೇಟ್ ಹಾಕಬೇಕು ಅಂದರು. ಬಳ್ಳಾರಿಯಲ್ಲಿ ಇನ್ನೊಬ್ಬರು ರಾಡ್ ಸಾಕು, ಕೊಯ್ಯೋದು ಕಡಿಮೆ ಅಂದರು. ಮನೆಯಲ್ಲಿ ಹಿರಿಯರು ನಾಟಿ ಕಟ್ಟು ಹಾಕಿಸೋಣ ಅಂತ ಹಟ ಹಿಡಿದಿದ್ದಾರೆ. ಯಾರ ಮಾತು ಕೇಳೋದು ಡಾಕ್ಟ್ರೇ?

ಉತ್ತರ (ಮೂಳೆ ಡಾಕ್ಟರ್): ಇಬ್ಬರೂ ತಪ್ಪು ಹೇಳಿಲ್ಲ. ಆದರೆ ಮೂರನೇ ದಾರಿಯೂ ಇದೆ. ಗಾಯ ಇಲ್ಲದ ಇಂಥ ಮುರಿತ ಆಪರೇಷನ್ ಇಲ್ಲದೆ, ಬ್ರೇಸ್‌ನಲ್ಲೂ (ರಟ್ಟೆ ಸುತ್ತ ಹಾಕುವ ಗಟ್ಟಿ ಕವಚ) ಕೂಡುತ್ತದೆ. ಈ ಮೂಳೆ ಸ್ವಲ್ಪ ಸೊಟ್ಟ ಕೂಡಿದರೂ ಕೈ ಕೆಲಸ ಮಾಡುತ್ತದೆ, ಕಾಲಿನ ಹಾಗಲ್ಲ. ಫಿನ್ಲೆಂಡಿನಲ್ಲಿ 82 ಜನರನ್ನು ಹೋಲಿಸಿ 2020ರಲ್ಲಿ ಪ್ರಕಟಿಸಿದರು. ವರ್ಷದ ಹೊತ್ತಿಗೆ ಪ್ಲೇಟಿನವರಿಗೂ ಬ್ರೇಸಿನವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಆದರೆ ಬ್ರೇಸ್ ಹಾಕಿದ ಹತ್ತರಲ್ಲಿ ಮೂವರಿಗೆ ಮೂಳೆ ಕೂಡದೆ ಆಮೇಲೆ ಆಪರೇಷನ್ ಬೇಕಾಯಿತು. ಬ್ರೇಸ್ ಹಾಕಿದವರು ಮೊಣಕೈ ಕೆಳಗೆ ದಿಂಬು ಇಡಬಾರದು. ಕೈಯ ಭಾರವೇ ಮೂಳೆಯನ್ನು ನೇರ ಎಳೆಯಬೇಕು. ಮೊದಲ ವಾರಗಳಲ್ಲಿ ಒರಗಿಕೊಂಡೇ ನಿದ್ದೆ, ಅದೇ ಕಷ್ಟ.

ಆಪರೇಷನ್ನೇ ಬೇಕು ಅಂದರೆ ನನ್ನ ಒಲವು ಪ್ಲೇಟ್ ಕಡೆಗೆ. ರಾಡನ್ನು ಸಾಮಾನ್ಯವಾಗಿ ಭುಜದ ಮೇಲಿಂದ, ಕೈ ಎತ್ತುವ ಸ್ನಾಯುರಜ್ಜು ಸೀಳಿ ಮೂಳೆಯೊಳಗೆ ಇಳಿಸುತ್ತಾರೆ. ಮೂಳೆ ಕೂಡಿದ ಮೇಲೂ ಕೆಲವರಿಗೆ ಭುಜ ನೋಯುತ್ತಲೇ ಇರುತ್ತದೆ. ತಲೆ ಮೇಲೆ ಚೀಲ ಎತ್ತುವವನಿಗೆ ಅದು ಸಣ್ಣ ಮಾತಲ್ಲ, ಅಲ್ವಾ? ಪ್ಲೇಟಿಗೆ ಜಾಸ್ತಿ ಕೊಯ್ಯಬೇಕು, ನಿಜ. ಮೂಳೆಯ ಹಿಂಬದಿಗೆ ಬಳ್ಳಿಯಂತೆ ಸುತ್ತಿದ, ಮಣಿಕಟ್ಟು-ಬೆರಳು ಎತ್ತಿಸುವ ರೇಡಿಯಲ್ ನರವನ್ನು ಕಾಪಾಡಿಕೊಂಡು ಮುರಿತದ ಎರಡೂ ಬದಿಗೆ ಮೂರು-ನಾಲ್ಕು ಸ್ಕ್ರೂ ಕೂರಿಸಬೇಕು. ಮೂಳೆ ಎರಡು ಕಡೆ ಮುರಿದಿದ್ದರೆ, ಇಲ್ಲವೇ ಕ್ಯಾನ್ಸರ್‌ನಿಂದ ಟೊಳ್ಳಾಗಿದ್ದರೆ ನಾನೂ ರಾಡ್ ಎನ್ನುತ್ತೇನೆ.

ನಾಟಿ ಕಟ್ಟು ಬೇಡ. ಊತ ಏರುವಾಗ ಬಿಗಿದರೆ ರಕ್ತ ಓಡಾಟವೇ ನಿಂತೀತು. ಈಗ ಒಂದು ಕೆಲಸ ಮಾಡಿ. ತಮ್ಮನಿಗೆ ಲಿಫ್ಟ್ ಕೇಳುವ ಹಾಗೆ ಹೆಬ್ಬೆರಳು ಎತ್ತಲು ಹೇಳಿ. ಏಳುತ್ತದಾ?

ಸಿಂಧನೂರು: ಏಳುತ್ತಿಲ್ಲ ಸರ್. ಮಣಿಕಟ್ಟೂ ಜೋತುಬಿದ್ದಿದೆ. ಬಿದ್ದ ದಿನದಿಂದಲೇ ಹೀಗೆ. ನೋವಿಗೆ ಅಂದುಕೊಂಡಿದ್ದೆವು.

ಉತ್ತರ: ಅದೇ ರೇಡಿಯಲ್ ನರ, ಪೆಟ್ಟು ತಿಂದಿದೆ. ಗಾಬರಿ ಬೇಡ. ಈ ಮುರಿತದಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಹೆಚ್ಚಿನವರಿಗೆ ಮೂರು-ನಾಲ್ಕು ತಿಂಗಳಲ್ಲಿ ತಾನಾಗಿ ಚಿಗುರುತ್ತದೆ. ಬರೀ ಇದಕ್ಕಾಗಿ ಓಡಿಹೋಗಿ ಕೊಯ್ಸಬೇಕಿಲ್ಲ. ಆದರೆ ನಾಳೆಯೇ ತೋರಿಸಿ, ಆಪರೇಷನ್ನಿಗೆ ಮೊದಲೇ ಫೈಲಿನಲ್ಲಿ ಬರೆಸಿ. ಇಲ್ಲದಿದ್ದರೆ ಆಮೇಲೆ ಡಾಕ್ಟರೇ ನರ ಕತ್ತರಿಸಿದರು ಅಂತ ಜಗಳ. ಮಣಿಕಟ್ಟು ಎತ್ತಿ ಹಿಡಿಯುವ ಪಟ್ಟಿ ಹಾಕಿಸಿ, ಬೆರಳು ದಿನಾ ಆಡಿಸಿ. ತಮ್ಮ ಬೀಡಿ ಸೇದುತ್ತಾನಾ?

ಸಿಂಧನೂರು: ದಿನಕ್ಕೊಂದು ಕಟ್ಟು.

ಉತ್ತರ: ಅದನ್ನು ಇವತ್ತೇ ಬಿಡಿಸಿ. ನಿಕೋಟಿನ್ ಇದ್ದರೆ ಮೂಳೆ ಬೇಗ ಕೂಡೋದಿಲ್ಲ. ಬದಲಿಗೆ ಗುಟ್ಕಾ ಅಂತ ಶುರು ಮಾಡಿದರೂ ಅದೇ ಕಥೆ.

ಗಂಗಾವತಿಯಿಂದ ಇನ್ನೊಬ್ಬರು: ನಡುವೆ ಬಂದೆ, ಕ್ಷಮಿಸಿ. ನನ್ನ ರಟ್ಟೆಯಲ್ಲಿ ಪ್ಲೇಟ್ ಹಾಕಿ ಎರಡು ವರ್ಷ ಆಯಿತು. ತೆಗೆಸಲೇಬೇಕಾ?

ಉತ್ತರ: ನೋವು, ಕೀವು ಇಲ್ಲವೆಂದರೆ ಸುಮ್ನೆ ಬಿಡಿ. ತೆಗೆಯುವಾಗ ಅದೇ ನರದ ಪಕ್ಕ ಮತ್ತೆ ಕೊಯ್ಯಬೇಕಾಗುತ್ತದೆ.