ಒಬ್ಬನೇ ನುಡಿಸಿದರೆ ಚೆನ್ನ, ತಂಡದ ಜೊತೆ ಬರೀ ಗುಂಯ್: ಬೇಸ್ ಎಲ್ಲಿ ಹೋಗುತ್ತೆ?

ನಾಲ್ಕುತಂತಿ:
ಎಲ್ಲರಿಗೂ ನಮಸ್ಕಾರ. ಡ್ರಮ್ಸ್, ಗಿಟಾರ್, ಕೀಬೋರ್ಡ್, ಬೇಸ್ ಗಿಟಾರ್ (ಅದು ನಾನು) ಇರುವ ನಾಲ್ಕು ಜನರ ತಂಡ. ಹಾಡೋದು ಗಿಟಾರ್‌ನವರೇ. ಇನ್ನು ಮೂರು ವಾರಕ್ಕೆ 40 ನಿಮಿಷದ ಗಿಗ್ (ವೇದಿಕೆ ಕಾರ್ಯಕ್ರಮ) ಇದೆ, ಅದರಲ್ಲಿ ಐದು ಹಾಡು ನಮ್ಮದೇ.

ನನ್ನದು ಜಾಝ್ ಬೇಸ್ ಮಾದರಿ, ತಂತಿಯ ಕಂಪನ ಹಿಡಿಯುವ ಎರಡು ಸಿಂಗಲ್ ಕಾಯಿಲ್ ಪಿಕಪ್, ಪ್ಯಾಸಿವ್ (ಒಳಗೆ ಬ್ಯಾಟರಿ ಇಲ್ಲ). ಆಂಪ್ 100 ವ್ಯಾಟ್ ಕಾಂಬೊ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ), 12 ಇಂಚಿನ ಒಂದೇ ಸ್ಪೀಕರ್. ಒಬ್ಬನೇ ನುಡಿಸುವಾಗ ದನಿ ದಪ್ಪಗೆ, ಸೊಗಸಾಗಿರುತ್ತೆ. ಎಲ್ಲರೂ ಶುರುಮಾಡಿದರೆ ಬರೀ ಗುಂಯ್, ಯಾವ ಸ್ವರ ಅಂತಲೇ ಗೊತ್ತಾಗಲ್ಲ. ವಾಲ್ಯೂಮ್ ಏರಿಸಿದರೆ ಗುಂಯ್ ಮಾತ್ರ ಏರುತ್ತೆ. ನಾಬ್‌ಗಳನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹೇಳೋದಾದರೆ ಲೋ (ಕೆಳಗಿನ ಕಂಪನ) 3 ಗಂಟೆ, ಮಿಡ್ (ನಡುವಿನದು) 9, ಹೈ (ಮೇಲಿನದು) 2.

ಆಂಪ್ ಸಾಲದಾ? ಇನ್ನೊಂದು, ನಮ್ಮ ಹಾಡುಗಳಲ್ಲಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಬದಲಾದಾಗಲೆಲ್ಲ ಅದರ ಮೂಲಸ್ವರ ಹಿಡಿದು ಕೂರುವುದು ಬಿಟ್ಟರೆ ಏನೂ ಹೊಳೆಯುತ್ತಿಲ್ಲ. ಎಲ್ಲಿಂದ ಶುರುಮಾಡಲಿ?

---

ಮಂದ್ರಸ್ಥಾಯಿ:
ಆಂಪ್ ಬದಲಿಸುವ ಮೊದಲು ಆ ಮಿಡ್ ನಾಬ್ ನೋಡಿ. ನೀವು ಬರೆದಿರುವುದು ಮನೆಯಲ್ಲಿ ಒಬ್ಬರೇ ಕೂತು ನುಡಿಸುವ ಸೆಟ್ಟಿಂಗ್. ಬೆರಳಿಡದೆ ಬಿಟ್ಟ ಇ ತಂತಿಯ ಮೂಲ ಕಂಪನ ಸುಮಾರು 41 ಹರ್ಟ್ಜ್. 12 ಇಂಚಿನ ಸಣ್ಣ ಕಾಂಬೊಗೆ ಅದನ್ನು ಜೋರಾಗಿ ಹೊರಡಿಸುವ ತಾಕತ್ತೇ ಇರುವುದಿಲ್ಲ. ಕಿವಿ ಸ್ವರವನ್ನು ಗುರುತಿಸುವುದು 82, 123, 165 ಹೀಗೆ ಮೇಲೇರುವ ಉಪಸ್ವರಗಳಿಂದ. ಮಿಡ್ ಇಳಿಸಿ ಅವನ್ನೇ ಕೊಂದಿದ್ದೀರಿ, ಲೋ ಏರಿಸಿ ಇದ್ದ ವ್ಯಾಟ್‌ಗಳನ್ನೆಲ್ಲ ಕೇಳಿಸದ ಕಡೆ ಸುರಿದಿದ್ದೀರಿ.

ಮೊದಲು ಮೂರೂ ನಾಬ್ 12 ಗಂಟೆಗೆ ತನ್ನಿ. ಡ್ರಮ್ಸ್, ಗಿಟಾರ್ ನುಡಿಯುತ್ತಿರುವಾಗಲೇ ಮಿಡ್ ಏರಿಸಿ. ಫ್ರೀಕ್ವೆನ್ಸಿ ಆರಿಸುವ ನಾಬ್ ಇದ್ದರೆ 500ರಿಂದ 800 ಹರ್ಟ್ಜ್ ನಡುವೆ 3–4 ಡೆಸಿಬಲ್. ಲೋ 11 ಗಂಟೆಗೆ. ಇನ್ನೂ ಗುಂಯ್ ಉಳಿದರೆ 200–250 ಹರ್ಟ್ಜ್ ಸುತ್ತ 3 ಡೆಸಿಬಲ್ ಕಡಿಮೆ ಮಾಡಿ. ಆಮೇಲೆ ಒಬ್ಬರೇ ನುಡಿಸಿ ನೋಡಿದರೆ ಮೂಗಿನಲ್ಲಿ ಮಾತಾಡಿದ ಹಾಗೆ ಅನ್ನಿಸುತ್ತೆ. ಗಾಬರಿಯಾಗಿ ಹಿಂದಕ್ಕೆ ತಿರುಗಿಸಬೇಡಿ.

ಆಂಪ್ ಇಡುವ ಜಾಗವೂ ಮುಖ್ಯ. ಗೋಡೆ ಮೂಲೆಗೆ ತಳ್ಳಿದರೆ ಕೆಳಗಿನ ಕಂಪನಗಳು ಉಬ್ಬುತ್ತವೆ, ಕನಿಷ್ಠ ಒಂದು ಮೀಟರ್ ಈಚೆಗಿಡಿ. ಒಳಗೆ ಟೊಳ್ಳಿರುವ ಮರದ ವೇದಿಕೆ ತಾನೇ ಒಂದು ಡೋಲಿನಂತೆ ಅದುರುತ್ತೆ, ಹಾಗಾಗಿ ನೆಲದ ಮೇಲೆ ಬೇಡ. ಸ್ಟ್ಯಾಂಡ್ ಅಥವಾ ಗಟ್ಟಿ ಕುರ್ಚಿಯ ಮೇಲಿಟ್ಟು ಸ್ಪೀಕರ್ ನಿಮ್ಮ ಕಿವಿ ನೋಡುವಂತೆ ವಾಲಿಸಿ. ಮಿಡ್ ಮತ್ತು ಹೈ ನೇರವಾಗಿ ಸಾಗುತ್ತವೆ. ಆಂಪ್ ಮೊಣಕಾಲ ಹಿಂದೆ ಇದ್ದರೆ ಅವು ಮುಂದಿನ ಸಾಲಿಗೆ ಹೋಗುತ್ತವೆ, ನಿಮಗೆ ಉಳಿಯುವುದು ಗುಂಯ್.

ಇನ್ನು ವ್ಯಾಟ್. 100ರಿಂದ 200ಕ್ಕೆ ಹೋದರೆ ಸಿಗುವುದು 3 ಡೆಸಿಬಲ್, ಅಷ್ಟೇ. ಬೇಸ್ ಪಿಎಗೆ (ಕೇಳುಗರಿಗೆ ದನಿ ತಲುಪಿಸುವ ದೊಡ್ಡ ಸ್ಪೀಕರ್ ವ್ಯವಸ್ಥೆ) ಹೋಗುವುದಾದರೆ ನಿಮ್ಮ ಆಂಪ್ ನಿಮಗೆ ಕೇಳಿಸಿದರೆ ಸಾಕು, 100 ಧಾರಾಳ. ಪಿಎ ಇಲ್ಲದೆ ಜೋರಾಗಿ ಬಾರಿಸುವ ಡ್ರಮ್ಸ್ ಪಕ್ಕ ಮಾತ್ರ 100 ಏದುಸಿರು ಬಿಡುತ್ತೆ.

ಕೊನೆಯದು ಕೈ. ಡಿ ತಂತಿ ನುಡಿಸುವಾಗ ಇ ಮತ್ತು ಎ ತಂತಿಗಳು ತಾವಾಗಿಯೇ ಅನುರಣಿಸುತ್ತಿರುತ್ತವೆ, ಗುಂಯ್‌ನಲ್ಲಿ ಅದರ ಪಾಲೂ ದೊಡ್ಡದು. ಬಲಗೈ ಹೆಬ್ಬೆರಳನ್ನು ಪಿಕಪ್ ಮೇಲೇ ಊರಿಬಿಡದೆ, ನುಡಿಸುವ ತಂತಿಯ ಹಿಂದಿನ ತಂತಿಗಳ ಮೇಲೆ ಮಲಗಿಸುತ್ತಾ ಸಾಗಿ. ಬೆರಳು ಮೀಟುವ ಜಾಗವನ್ನು ಬ್ರಿಡ್ಜ್ (ಬೇಸ್ ಮೈಮೇಲೆ ತಂತಿಗಳ ತುದಿ ಕೂರುವ ಭಾಗ) ಕಡೆಗೆ ಎರಡು ಮೂರು ಸೆಂಟಿಮೀಟರ್ ಸರಿಸಿದರೆ ನಾಬ್ ಮುಟ್ಟದೆಯೇ ಮಿಡ್ ಸಿಗುತ್ತೆ.

---

ಕಿಕ್‌ಪೆಡಲ್:
ಮಂದ್ರ ಸರ್ ಹೇಳಿದ್ದೆಲ್ಲ ಮಾಡಿ. ಆದ್ರೆ ಅರ್ಧ ಕೆಸರು ನಿಮ್ಮ ಆಂಪ್‌ನಿಂದ ಬರ್ತಿಲ್ಲ, ಕೀಬೋರ್ಡ್‌ನವರ ಎಡಗೈಯಿಂದ ಬರ್ತಿರಬೇಕು. ಒಬ್ಬರೇ ಕೂತು ಅಭ್ಯಾಸ ಮಾಡೋರು ಎಡಗೈಲಿ ಮೂಲಸ್ವರ, ಅದರ ಆಕ್ಟೇವ್ ಎರಡೂ ಹಿಡಿದು ರೂಢಿ. ತಂಡದಲ್ಲಿ ಅದು ನಿಮ್ಮ ಜಾಗ. ಮಿಡಲ್ ಸಿ (ಕೀಬೋರ್ಡ್ ನಡುವಿನ ಸಿ) ಕೆಳಗೆ ಆದಷ್ಟು ಇಳಿಯಬೇಡಿ ಅಂತ ಮೆತ್ತಗೆ ಕೇಳ್ಕೊಳ್ಳಿ. ಗಿಟಾರ್ ಕೂಡ ಅಷ್ಟೇ: ಅದರ ದಪ್ಪ ಇ ತಂತಿ 82 ಹರ್ಟ್ಜ್, ಅಂದ್ರೆ ನಿಮ್ಮ ಡಿ ತಂತಿಯ ಎರಡನೇ ಫ್ರೆಟ್ (ನೆಕ್ ಅಂದ್ರೆ ಹಿಡಿಯ ಮೇಲಿನ ಲೋಹದ ಅಡ್ಡಪಟ್ಟಿ). ಆರೂ ತಂತಿ ಸದಾ ಗೀರ್ತಾ ಇದ್ರೆ ಇಬ್ಬರೂ ಒಂದೇ ಬೆಂಚಲ್ಲಿ ಕೂತ ಹಾಗೆ.

ಮುಂದಿನ ಅಭ್ಯಾಸದಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಹಾಡೊಂದನ್ನ ಬರೀ ಡ್ರಮ್ಸ್, ಬೇಸ್, ಹಾಡುಗಾರಿಕೆ ಇಟ್ಟುಕೊಂಡು ಮೊದಲಿಂದ ಕೊನೆವರೆಗೆ ನುಡಿಸಿ, ಫೋನಲ್ಲಿ ರೆಕಾರ್ಡ್ ಮಾಡಿ. ಎಲ್ಲಿ ಹಾಡು ಸಪ್ಪೆ ಆಗುತ್ತೋ ಅಲ್ಲೇ ಬೇಸ್‌ಗೆ ಕೆಲಸ ಇದೆ. ಉಳಿದ ಕಡೆ ಮೂಲಸ್ವರ ಹಿಡಿದು ಕೂತಿರೋದು ತಪ್ಪೇನಲ್ಲ.

ಯಾವ ಸ್ವರ ಅನ್ನೋಕಿಂತ ಮೊದಲು ಎಷ್ಟು ಹೊತ್ತು ಅನ್ನೋದನ್ನ ತೀರ್ಮಾನ ಮಾಡಿ. ಸ್ನೇರ್ (ಡ್ರಮ್ಸ್‌ನ ಚಟೀರ್ ಅನ್ನೋ ಡ್ರಮ್) 2 ಮತ್ತು 4ನೇ ಎಣಿಕೆಗೆ ಬೀಳುತ್ತೆ ಅಂದುಕೊಳ್ಳಿ. ಅದು ಬೀಳೋ ಹೊತ್ತಿಗೆ ಸರಿಯಾಗಿ ಎಡಗೈ ಬೆರಳು ಸಡಿಲಿಸಿ ಸ್ವರ ನಿಲ್ಲಿಸಿ. ಬೆರಳು ಪೂರ್ತಿ ಎತ್ತಿಬಿಡಬೇಡಿ, ತಂತಿ ಬಿಟ್ಟ ಸ್ವರ ಕೂಗುತ್ತೆ. ಇಷ್ಟಕ್ಕೇ ಸ್ನೇರ್ ದೊಡ್ಡದಾಗಿ ಕೇಳುತ್ತೆ, ಹಾಡು ನಡೆಯೋಕೆ ಶುರು ಮಾಡುತ್ತೆ. ಚರಣದಲ್ಲಿ ಹೀಗೆ ಗಿಡ್ಡ ಸ್ವರ, ಪಲ್ಲವಿಗೆ ಬಂದಾಗ ಎಳೆದು ಹಿಡಿಯೋ ಸ್ವರ. ಒಂದೂ ಹೊಸ ಸ್ವರ ಸೇರಿಸದೆ ಎರಡು ಭಾಗ ಬೇರೆ ಆದವು. ಕಿಕ್‌ನ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್) ಪ್ರತಿ ಏಟಿಗೂ ಅಂಟಿಕೊಳ್ಳೋದು ಬೇಕಿಲ್ಲ. ಒಂದನೇ ಎಣಿಕೆ ಮತ್ತು ಅದಕ್ಕೆ ಮುಂಚಿನ ಅರ್ಧ ಎಣಿಕೆ ಒಟ್ಟಿಗೆ ಬಿದ್ರೆ ಸಾಕು.

ಇನ್ನು ಸ್ವರ. ಸಿ, ಜಿ, ಎ ಮೈನರ್, ಎಫ್ ಅಂತ ಹೋಗ್ತಿದ್ರೆ ಜಿ ಕಾರ್ಡ್ ಬಂದಾಗ ಜಿ ಬದಲು ಅದರ ಮೂರನೇ ಸ್ವರ ಬಿ ನುಡಿಸಿ. ಬೇಸ್ ಸಿ, ಬಿ, ಎ, ಎಫ್ ಅಂತ ಮೆಟ್ಟಿಲಿಳಿಯುತ್ತೆ, ಕಾರ್ಡ್ ಅವೇ ಇದ್ರೂ ಹಾಡಿನ ಬಣ್ಣ ಬದಲಾಗುತ್ತೆ. ಆದ್ರೆ ಕೀಬೋರ್ಡ್ ಎಡಗೈ ನಿಮಗಿಂತ ಕೆಳಗೆ ಜಿ ಹಿಡಿದಿದ್ರೆ ಈ ಆಟ ಮುಗೀತು, ಯಾರು ಎಲ್ಲರಿಗಿಂತ ಕೆಳಗಿದ್ದಾರೋ ಅವರದ್ದೇ ಬೇಸ್. ಇನ್ನೊಂದು ದಾರಿ: ಚರಣದ ಕೊನೇ ನಾಲ್ಕು ಬಾರ್ ಕಾರ್ಡ್ ಏನೇ ಬದಲಾಗಲಿ, ಒಂದೇ ಸ್ವರದ ಮೇಲೆ ಕೂತುಬಿಡಿ, ಪಲ್ಲವಿಯ ಒಂದನೇ ಎಣಿಕೆಗೆ ಬಿಡಿ. ಮುಂದಿನ ಮೂಲಸ್ವರಕ್ಕೆ ಅರ್ಧ ಸ್ವರ ಕೆಳಗಿಂದ ಹತ್ತೋದು, ಅಂದ್ರೆ ಎಫ್‌ಗೆ ಮೊದಲು ಇ, ಎಂಟು ಬಾರ್‌ಗೆ ಒಂದು ಸಲ ರುಚಿ. ಪ್ರತಿ ಬಾರ್‌ನಲ್ಲೂ ಮಾಡಿದ್ರೆ ತಲೆನೋವು. ಹಾಡೋರು ಉಸಿರು ತಗೊಳ್ಳೋ ಜಾಗ ಬಿಟ್ಟು ಬೇರೆ ಕಡೆ ಫಿಲ್ (ಜಾಗ ತುಂಬೋ ಸಣ್ಣ ತುಣುಕು) ಹಾಕಬೇಡಿ.

---

ನಾಲ್ಕುತಂತಿ:
ಕೀಬೋರ್ಡ್ ಎಡಗೈ ವಿಷಯ ನೂರಕ್ಕೆ ನೂರು ನಿಜ. ಇನ್ನೆರಡು ಪ್ರಶ್ನೆ. ಮಿಡ್ ಸಿಗಲಿ ಅಂತ ಮುಂದಿನ ಪಿಕಪ್ ಇಳಿಸಿ ಬ್ರಿಡ್ಜ್ ಪಿಕಪ್ ಒಂದನ್ನೇ ಇಟ್ಟರೆ ಜೂಯ್ ಅಂತ ಹಮ್ ಬರುತ್ತೆ, ತಂತಿ ಮುಟ್ಟಿದರೆ ಕಡಿಮೆಯಾಗುತ್ತೆ. ಕೆಟ್ಟಿದೆಯಾ? ಗಿಗ್‌ನಲ್ಲಿ ಪಿಎ ಇರುತ್ತೆ ಅಂತ ಈಗ ತಿಳಿಯಿತು, ಬೇಸ್ ಅದಕ್ಕೆ ಹೇಗೆ ಹೋಗಬೇಕು?

---

ಫೇಡರ್:
ಕೆಟ್ಟಿಲ್ಲ. ಜಾಝ್ ಮಾದರಿಯಲ್ಲಿ ಎರಡು ಪಿಕಪ್‌ಗಳ ಸುತ್ತು ಮತ್ತು ಅಯಸ್ಕಾಂತದ ದಿಕ್ಕು ಒಂದಕ್ಕೊಂದು ವಿರುದ್ಧ. ಎರಡೂ ವಾಲ್ಯೂಮ್ ಪೂರ್ತಿ ಇದ್ದಾಗ ಹಮ್ ಪರಸ್ಪರ ಕಳೆದುಹೋಗುತ್ತೆ, ಒಂದನ್ನು ಇಳಿಸಿದಷ್ಟೂ ಕಾಣಿಸಿಕೊಳ್ಳುತ್ತೆ. ಎರಡನ್ನೂ ಪೂರ್ತಿ ಇಟ್ಟು ಬೆರಳಿನ ಜಾಗ ಬದಲಿಸಿ. ತಂತಿ ಮುಟ್ಟಿದಾಗ ಕಡಿಮೆಯಾಗುವುದು ಸಹಜ, ತಂತಿಗಳು ಬ್ರಿಡ್ಜ್ ಮೂಲಕ ಗ್ರೌಂಡ್‌ಗೆ ಸೇರಿವೆ. ಮುಟ್ಟಿದಾಗ ಹಮ್ ಹೆಚ್ಚಾದರೆ, ಅಥವಾ ಮೈಕ್‌ಗೆ ತುಟಿ ತಾಕಿದಾಗ ಚುರ್ ಅಂದರೆ ತಕ್ಷಣ ನಿಲ್ಲಿಸಿ. ಅದು ಅರ್ಥಿಂಗ್ ದೋಷ, ಜೀವಕ್ಕೆ ಅಪಾಯ. ಹಮ್ ಹೋಗಲಿ ಅಂತ ಪ್ಲಗ್‌ನ ಅರ್ಥ್ ಪಿನ್ ತೆಗೆಯುವವರಿದ್ದಾರೆ. ಬೇಡವೇ ಬೇಡ, ಡಿಐ ಬಾಕ್ಸ್‌ನಲ್ಲಿ (ಬೇಸ್‌ನ ಸಿಗ್ನಲ್ ಅನ್ನು ಮಿಕ್ಸರ್‌ಗೆ ಕಳಿಸುವ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಸ್ವಿಚ್ ಇರುವುದು ಅದಕ್ಕೇ.

ಪ್ಯಾಸಿವ್ ಬೇಸ್‌ಗೆ ಆಕ್ಟಿವ್ ಡಿಐ ಒಳ್ಳೆಯದು, ಇನ್‌ಪುಟ್ ಇಂಪೀಡೆನ್ಸ್ 1 ಮೆಗಾಓಮ್ ಇರಲಿ. ಕಡಿಮೆಯಿದ್ದರೆ ಪಿಕಪ್ ಮೇಲೆ ಹೊರೆ ಬಿದ್ದು ಮೇಲಿನ ಕಂಪನಗಳು ಮಸುಕಾಗುತ್ತವೆ. ಆ ಡಿಐಗೆ ಮಿಕ್ಸರ್‌ನಿಂದ ಕೇಬಲ್‌ನಲ್ಲೇ ಬರುವ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಅಥವಾ ಒಳಗೆ 9 ವೋಲ್ಟ್ ಬ್ಯಾಟರಿ ಬೇಕು. ಆಂಪ್‌ನಲ್ಲೇ ಡಿಐ ಔಟ್ ಇದ್ದರೆ ಪ್ರೀ/ಪೋಸ್ಟ್ ಸ್ವಿಚ್ ಪ್ರೀನಲ್ಲಿಡಿ (ಆಂಪ್‌ನ ನಾಬ್‌ಗಳಿಗೆ ಮೊದಲೇ ಸಿಗ್ನಲ್ ಹೊರಡುತ್ತೆ). ಪೋಸ್ಟ್‌ನಲ್ಲಿದ್ದರೆ ನೀವು ವೇದಿಕೆಯ ಮೇಲೆ ಲೋ ಕಡಿಮೆ ಮಾಡಿದ ಕೂಡಲೇ ಹೊರಗಿನ ಬೇಸೂ ತೆಳ್ಳಗಾಗುತ್ತೆ, ಮಿಕ್ಸರ್ ಮುಂದೆ ಕೂತವರಿಗೆ ಕಾರಣವೇ ತಿಳಿಯಲ್ಲ.

ಮಿಕ್ಸರ್‌ನಲ್ಲಿ 35–40 ಹರ್ಟ್ಜ್‌ಗೆ ಹೈಪಾಸ್ (ಅದಕ್ಕಿಂತ ಕೆಳಗಿನ ಕಂಪನ ಕಡಿಯುವ ಫಿಲ್ಟರ್) ಹಾಕಿಸಿ. ಕಂಪ್ರೆಸರ್ (ದನಿಯ ಏರಿಳಿತ ತಗ್ಗಿಸುವ ಸಾಧನ) ಇದ್ದರೆ 4:1, ಅಟ್ಯಾಕ್ (ಅದು ಹಿಡಿಯಲು ತೆಗೆದುಕೊಳ್ಳುವ ಸಮಯ) ಸುಮಾರು 30 ಮಿಲಿಸೆಕೆಂಡ್, ರಿಲೀಸ್ (ಬಿಡುವ ಸಮಯ) 150, ಮೀಟರ್ ಇಳಿಯುವುದು 3–5 ಡೆಸಿಬಲ್ ದಾಟದಿರಲಿ. ಅಟ್ಯಾಕ್ ತೀರಾ ಚುರುಕಾಗಿಟ್ಟರೆ ಬೆರಳು ಮೀಟಿದ ಮೊನೆಯೇ ಸತ್ತುಹೋಗಿ ಮತ್ತೆ ಅದೇ ಗುಂಯ್‌ಗೆ ಬರುತ್ತೀರಿ.

ಸೌಂಡ್‌ಚೆಕ್‌ನಲ್ಲಿ ದಯವಿಟ್ಟು ಕೈಚಳಕ ತೋರಿಸಬೇಡಿ. ನಿಮ್ಮ ಅತಿ ಜೋರಿನ ಹಾಡಿನ ಪಲ್ಲವಿ, ಅತಿ ಮೆತ್ತಗಿನ ಚರಣ, ಎರಡನ್ನೂ ನಿಜವಾಗಿ ನುಡಿಸುವಷ್ಟೇ ಬಲದಲ್ಲಿ ನುಡಿಸಿ. ಕಿಕ್ ಜೊತೆ ಒಟ್ಟಿಗೆ ಒಂದು ನಿಮಿಷ ಕೇಳಿ. ಇಬ್ಬರೂ 60–80 ಹರ್ಟ್ಜ್‌ನಲ್ಲಿ ಗುದ್ದಾಡುತ್ತಿದ್ದರೆ ಅದನ್ನು ಕಿಕ್‌ಗೆ ಬಿಟ್ಟು ಬೇಸ್ 100ರ ಮೇಲೆ ಕೂತರೆ ಸಲೀಸು.

40 ನಿಮಿಷಕ್ಕೆ 40 ನಿಮಿಷದ ಹಾಡು ಇಟ್ಟುಕೊಳ್ಳಬೇಡಿ. ನಾಲ್ಕು ನಿಮಿಷದ ಎಂಟು ಹಾಡು ಅಂದರೆ 32, ಉಳಿದದ್ದು ಶ್ರುತಿ, ಮಾತು, ಕೇಬಲ್‌ಗೆ. ನಿಮ್ಮ ಐದನ್ನೂ ಸಾಲಾಗಿ ಜೋಡಿಸದೆ ಕೇಳುಗರಿಗೆ ಗೊತ್ತಿರುವ ಹಾಡುಗಳ ನಡುವೆ ಇಡಿ, ಡ್ರಾಪ್ ಡಿ ಶ್ರುತಿಯವು (ಇ ತಂತಿಯನ್ನು ಡಿಗೆ ಇಳಿಸಿ ನುಡಿಸುವವು) ಇದ್ದರೆ ಒಂದೇ ಕಡೆ. ಜೊತೆಗಿರಬೇಕಾದದ್ದು ಎರಡನೇ ಕೇಬಲ್, ದನಿ ಮುಚ್ಚುವ ಪೆಡಲ್ ಟ್ಯೂನರ್, ಒಂದು ಸೆಟ್ ತಂತಿ, 9 ವೋಲ್ಟ್ ಬ್ಯಾಟರಿ, ಅಲೆನ್ ಕೀ, ಟಾರ್ಚ್, ಗಾಫರ್ ಟೇಪ್. ಇಯರ್‌ಪ್ಲಗ್ ಕೂಡ: 85 ಡೆಸಿಬಲ್‌ಗೆ 8 ಗಂಟೆ, ಪ್ರತಿ 3 ಡೆಸಿಬಲ್‌ಗೆ ಅರ್ಧ ಎಂಬ ಲೆಕ್ಕದಲ್ಲಿ 100 ಡೆಸಿಬಲ್‌ಗೆ ಕಿವಿ ತಡೆಯುವುದು 15 ನಿಮಿಷ.

---

ಮಂದ್ರಸ್ಥಾಯಿ:
ಒಂದು ಬಿಟ್ಟುಹೋಗಿತ್ತು. ಮಿಡ್ ಏರಿಸಿದ ಮೇಲೆ ಇಷ್ಟು ದಿನ ಅಡಗಿದ್ದ ಫ್ರೆಟ್ ಜರ್ರೆನ್ನುವುದೂ ಹೊರಗೆ ಬರುತ್ತೆ. ಹೊಸ ತಂತಿಯನ್ನು ಗಿಗ್‌ಗೆ ಎರಡು ಮೂರು ದಿನ ಮೊದಲೇ ಹಾಕಿ, ಅದೇ ದಿನ ಹಾಕಿದರೆ ಶ್ರುತಿ ಇಳಿಯುತ್ತಲೇ ಇರುತ್ತೆ. ಕತ್ತರಿಸುವ ಮುನ್ನ ತುದಿಯನ್ನು ಲಂಬಕೋನಕ್ಕೆ ಬಗ್ಗಿಸಿ, ಇಲ್ಲದಿದ್ದರೆ ಹೊರಸುತ್ತು ಒಳಗಿನ ತಂತಿಯ ಮೇಲೆ ಜಾರಿ ದನಿ ಸತ್ತಂತಾಗುತ್ತೆ.

ಆಮೇಲೆ ನೆಕ್. ಮೊದಲ ಫ್ರೆಟ್‌ಗೆ ಕೇಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಿ, ಇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ, 7–8ನೇ ಫ್ರೆಟ್ ಹತ್ತಿರ ಸಂದು ನೋಡಿ: ಸುಮಾರು 0.3 ಮಿಲಿಮೀಟರ್, ಒಂದು ವಿಸಿಟಿಂಗ್ ಕಾರ್ಡ್ ದಪ್ಪ. ಸಂದೇ ಇಲ್ಲದೆ ಮೊದಲ ಐದು ಫ್ರೆಟ್‌ಗಳಲ್ಲಿ ಜರ್ರೆಂದರೆ ಟ್ರಸ್ ರಾಡ್ (ನೆಕ್ ಒಳಗೆ ಅದರ ಬಾಗು ಹಿಡಿದಿಡುವ ಸರಳು) ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಗಟ್ಟಿಯಾಗಿ ಕೂತಿದ್ದರೆ ಬಲ ಹಾಕಬೇಡಿ, ತಿಳಿದವರ ಕೈಗೆ ಕೊಡಿ. 12ನೇ ಫ್ರೆಟ್‌ನ ಮೇಲೆ ಮಾತ್ರ ಜರ್ರೆಂದರೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ತಗ್ಗಾಗಿದೆ. 12ನೇ ಫ್ರೆಟ್‌ನಲ್ಲಿ ಇ ತಂತಿಗೆ 2.5, ಜಿ ತಂತಿಗೆ 2 ಮಿಲಿಮೀಟರ್ ಎತ್ತರದಿಂದ ಶುರುಮಾಡಿ. ಇಂಟೊನೇಷನ್ (ನೆಕ್ ಉದ್ದಕ್ಕೂ ಶ್ರುತಿ ಸರಿಯಿರುವುದು) ಎಲ್ಲಕ್ಕಿಂತ ಕೊನೆಗೆ: 12ನೇ ಫ್ರೆಟ್‌ನ ಹಾರ್ಮೋನಿಕ್‌ಗಿಂತ ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.